ಆಫೀಸಿಂದ ಬಿಟ್ಟ ಹಳೇ ಡೆಸ್ಕ್‌ಟಾಪ್ ತಂದಿದ್ದೇನೆ, ಒಳಗೆ ಯಾವುದು ಬದಲಾಯಿಸ್ಬಹುದು ಯಾವುದು ಮುಟ್ಬಾರ್ದು? ಮಾಡಿ ಗೊತ್ತಿದ್ದವ್ರು ಹೇಳಿ

ಕಾರವಾರದಿಂದ:

ಎಲ್ರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ ತಂದೆ, ದೊಡ್ಡ ಟವರ್ ಅಲ್ಲ, ತೆಳ್ಳಗಿನ ಸಣ್ಣ ಡಬ್ಬಿ. ಐ5-7500, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಪವರ್ ಸಪ್ಲೈ ಮೇಲೆ 180 ವ್ಯಾಟ್ ಹೇಳಿ ಬರ್ದದೆ. ಮನೇಲೇ ಡಿಟಿಪಿ ಮಾಡ್ತೇನೆ, ಲಗ್ನಪತ್ರಿಕೆ, ಬಿಲ್ ಬುಕ್ಕು, ಪೇಜ್‌ಮೇಕರು ನುಡಿ ಎಲ್ಲಾ ಅದ್ರಲ್ಲೇ. ಅದರ ಜೊತೆಗೆ ಈಗ ಯಕ್ಷಗಾನದ ಆಟದ ವಿಡಿಯೋ ಎಡಿಟ್ ಮಾಡಿ ಕೊಡೂದು ಶುರು ಮಾಡಿದ್ದೇನೆ, ರಾತ್ರಿಯಿಡೀ ಆಟ ಅಂದ್ರೆ ಎಷ್ಟು ಫೈಲ್ ಆಗ್ತದೆ ನಿಮಗೆ ಗೊತ್ತೇ ಅದೆ. ಆನ್ ಮಾಡಿದ್ರೆ ಕೆಲ್ಸಕ್ಕೆ ಸಿಗೂಕೆ ನಾಲ್ಕೈದು ನಿಮಿಷ ಬೇಕು, ಎಡಿಟ್ ಮಾಡೂವಾಗ ಹಿಡಿದು ಹಿಡಿದು ಓಡ್ತದೆ. ಇಲ್ಲಿ ಅಂಗಡಿಯವ್ರೊಬ್ರು ಗ್ರಾಫಿಕ್ ಕಾರ್ಡ್ ಹಾಕಿ, ಅದಕ್ಕೆ ಪವರ್ ಸಪ್ಲೈನೂ ದೊಡ್ದು ಹಾಕ್ಬೇಕು ಅಂದ್ರು. ವಿಂಡೋಸ್ 11 ಈ ಮಷಿನ್ನಿಗೆ ಬರೂದಿಲ್ಲ ಹೇಳಿ ತೋರಿಸ್ತದೆ. ಕೈಯಲ್ಲಿ 15 ಸಾವಿರ ಅದೆ, ಯಾವುದಕ್ಕೆ ಮೊದ್ಲು ಹಾಕ್ಲಿ?

ಕುಮಟಾದಿಂದ:

ಮೇಡಂ, ಎಸ್ಎಸ್‌ಡಿ, ಅಂದ್ರೆ ತಿರುಗೂ ತಟ್ಟೆ ಇಲ್ದೇ ಚಿಪ್ಪಲ್ಲೇ ಫೈಲ್ ಇಡೂ ಡಿಸ್ಕ್. ಬೇರೆ ಏನೂ ಯೋಚ್ನೆ ಮಾಡೂದೇ ಬೇಡ ಮೊದ್ಲು ಅದು. ನಮ್ಮನೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100-120 ಎಂಬಿ ಓದ್ತಿತ್ತು, ಸಾಟಾ ಎಸ್ಎಸ್‌ಡಿ (ಹಾರ್ಡ್ ಡಿಸ್ಕಿನ ಅದೇ ವಯರಿಗೆ ಕೂಡೂದು) ಹಾಕಿದ್ಮೇಲೆ 500 ದಾಟ್ತು, ಅದಕ್ಕಿಂತ ಹೆಚ್ಚು ವ್ಯತ್ಯಾಸ ಸಣ್ಣ ಸಣ್ಣ ಫೈಲ್ ತೆಗೆಯೂವಾಗ ಗೊತ್ತಾಗ್ತದೆ. ನಿಮ್ಮ ಬೋರ್ಡಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್ಎಸ್‌ಡಿ ಸೀದಾ ಕೂಡೂ ಜಾಗ) ಇದ್ರೆ ಎನ್‌ವಿಎಂಇ, ಅಂದ್ರೆ ಸಾಟಾಕ್ಕಿಂತ ವೇಗದ ಎಸ್ಎಸ್‌ಡಿ, ಹಾಕಿ, ರೇಟಲ್ಲಿ ದೊಡ್ಡ ಫರಕ್ ಇಲ್ಲ. ಹಳೇ ಹಾರ್ಡ್ ಡಿಸ್ಕ್ ತೆಗೀಬೇಡಿ, ಆಟದ ಫೈಲೆಲ್ಲ ಅದ್ರಲ್ಲಿ ಇಡ್ಲಿಕ್ಕೆ ಬೇಕಾಗ್ತದೆ.

ಶಿರಸಿಯಿಂದ:

ಅಕ್ಕಾ, ಎಸ್ಎಸ್‌ಡಿ ಮೊದ್ಲು ಅನ್ನೂದು ನನ್ನದೂ ಮಾತು. ಆದ್ರೆ ಆ ಪವರ್ ಸಪ್ಲೈ ಬದಲಾಯಿಸಿ ಅಂದದ್ದು ಓದಿ ಇಷ್ಟು ಉದ್ದ ಬರೀತಾ ಇದ್ದೇನೆ, ಯಾಕೆ ಹೇಳಿದ್ರೆ ನಾ ಪೆಟ್ಟು ತಿಂದದ್ದು ಅಲ್ಲೇ. ಅಡಿಕೆ ಲೆಕ್ಕಕ್ಕೆ ಹೇಳಿ 2019ರಲ್ಲಿ ಇಂಥದೇ ಒಂದು ಮಷಿನ್ ತಂದೆ, ಆಮೇಲೆ ನಮ್ಮೂರ ಕಡೆ ಏಳೆಂಟು ಮನೆಯ ಡಬ್ಬಿ ಬಿಚ್ಚಿ ಕೂಡ್ಸಿದ್ದೇನೆ.

ಅಂಗಡೀಲಿ ಬಿಡಿ ಬಿಡಿ ಪಾರ್ಟ್ ತಂದು ಜೋಡ್ಸಿದ ಕಂಪ್ಯೂಟರಿಗೆ ಬೋರ್ಡಿಗೆ ಹೋಗೂದು 24 ಪಿನ್ನಿನ ಕನೆಕ್ಟರ್, ಯಾವ ಕಂಪನಿ ಸಪ್ಲೈ ತಂದ್ರೂ ಕೂಡ್ತದೆ. ಈ ರೆಡಿಮೇಡ್ ಆಫೀಸ್ ಮಷಿನ್ನಿಗೆ ಹಾಗಲ್ಲ. ಆಪ್ಟಿಪ್ಲೆಕ್ಸ್ 9020 ಆದ್ರೆ 8 ಪಿನ್, ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ1 ಆದ್ರೆ 6 ಪಿನ್, ಲೆನೊವೋ ಥಿಂಕ್‌ಸೆಂಟರ್ ಎಂ93ಪಿ ಆದ್ರೆ 14 ಪಿನ್. ಒಬ್ರದ್ದು ಇನ್ನೊಬ್ರದ್ದಕ್ಕೆ ಆಗೂದಿಲ್ಲ. ಮೇಲಿಂದ ನಿಮ್ಮದು ಸಣ್ಣ ಡಬ್ಬಿ, ಮಾಮೂಲಿ ಎಟಿಎಕ್ಸ್ ಸಪ್ಲೈ ಅದ್ರೊಳಗೆ ಹೋಗೂದೇ ಇಲ್ಲ. ಪಿನ್ ಬದಲಾಯ್ಸೋ ಅಡಾಪ್ಟರ್ ಕೇಬಲ್ ಆನ್‌ಲೈನಲ್ಲಿ ಸಿಗ್ತದೆ, ಟವರ್ ಮಾಡೆಲ್ ಇದ್ದವ್ರು ಅದ್ರಲ್ಲಿ ನಡೆಸ್ತಾರೆ, ಆದ್ರೆ ನಿಮಗೆ ಕೂಡ್ಸೂದಕ್ಕೇ ಜಾಗ ಇಲ್ಲ. ಹಾಗಾಗಿ 180 ವ್ಯಾಟ್ ಅನ್ನೂದೇ ನಿಮ್ಮ ಬೇಲಿ, ಅದ್ರೊಳಗೇ ಲೆಕ್ಕ ಹಾಕ್ಬೇಕು.

ನಾ ಮಾಡಿದ ತಪ್ಪು ಹೇಳ್ತೆ ಕೇಳಿ. ಪಕ್ಕದ ಮನೆ ಹುಡುಗನ ಟವರಿಗೆ ಒಂದು ಹಳೇ ಗ್ರಾಫಿಕ್ ಕಾರ್ಡ್ ಸಿಕ್ತು, ಅದಕ್ಕೆ 6 ಪಿನ್ನಿನ ಪವರ್ ಬೇಕು, ಸಪ್ಲೈಯಲ್ಲಿ ಆ ವಯರ್ ಇಲ್ಲ. ಸಾಟಾ ಪವರಿಂದ 6 ಪಿನ್ ಮಾಡೋ ಕೇಬಲ್ 150 ರೂಪಾಯಿಗೆ ಸಿಕ್ತು ಹೇಳಿ ಹಾಕಿದೆ. ಹತ್ತು ದಿನ ಚೊಲೋ ನಡೀತು. ಹನ್ನೊಂದನೇ ದಿನ ಗೇಮ್ ಆಡ್ತಾ ಇದ್ದಾಗ ಸುಟ್ಟ ವಾಸನೆ, ಸ್ವಿಚ್ ಆಫ್ ಮಾಡಿ ಬಿಚ್ಚಿ ನೋಡಿದ್ರೆ ಸಾಟಾ ಕನೆಕ್ಟರಿನ ಕರಿ ಪ್ಲಾಸ್ಟಿಕ್ ಮೇಣದ ಹಾಗೆ ಒಂದು ಬದಿಗೆ ಇಳಿದು ಹೋಗಿತ್ತು, ಹಳದಿ ವಯರಿನ ಬುಡ ಕಂದು ಆಗಿ ಮುಟ್ಟಿದ್ರೆ ಪುಡಿ ಪುಡಿ. ಆಮೇಲೆ ಲೆಕ್ಕ ಮಾಡಿದೆ. ಸಾಟಾ ಕನೆಕ್ಟರಲ್ಲಿ 12 ವೋಲ್ಟಿಗೆ ಸಿಗೂದು 4.5 ಆಂಪಿಯರ್, ಅಂದ್ರೆ 54 ವ್ಯಾಟ್. 6 ಪಿನ್ ಕಾರ್ಡ್ ಎಳೀಬಹುದಾದ್ದು 75 ವ್ಯಾಟ್. ಸುಡದೇ ಇರೂಕೆ ಸಾಧ್ಯ ಎಲ್ಲಿ? ಆ ಹುಡುಗನ ಅಪ್ಪ ನನಗೆ ಒಂದು ಮಾತು ಬೈಲಿಲ್ಲ, ಅದೇ ನನಗೆ ಇವತ್ತಿಗೂ ಬೇಜಾರು. ಮನೇಲಿ ಯಾರೂ ಇಲ್ದಾಗ ಆಗಿದ್ರೆ? ಆ ಕೇಬಲ್ ಯಾರು ಕೊಟ್ರೂ ತಗೋಬೇಡಿ.

ಈಗ ನಿಮ್ಮ ಮಷಿನ್ನಿಗೆ ಬರ್ತೆ. ಆರ್ಡರ್ ಮಾಡೂಕಿಂತ ಮೊದ್ಲು ಮುಚ್ಚಳ ತೆಗೆದು ಫೋಟೋ ತೆಗೀರಿ, ಎಂ.2 ಸ್ಲಾಟ್ ಇದ್ರೆ ಅದರ ತುದಿಯಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ಹಳೇ ಮಷಿನ್ ಮಾರೂವಾಗ ಎಸ್ಎಸ್‌ಡಿ ತೆಗ್ದವ್ರು ಸ್ಕ್ರೂನೂ ತೆಗ್ದು ಬಿಡ್ತಾರೆ, ಆಮೇಲೆ ಎಸ್ಎಸ್‌ಡಿ ಕೋಲಿನ ಹಾಗೆ ಓರೆಯಾಗಿ ಎದ್ದು ನಿಂತ್ಕಂಡಿರ್ತದೆ, ಒಂದು ಸ್ಕ್ರೂ ತರೂಕೆ ಪೇಟೆಗೆ ಹೋಗೂದು ಬೇಡ.

ಇನ್ನೊಂದು, ಡೆಲ್ಲಲ್ಲಿ ಬಹಳ ಜನ ಸಿಕ್ಕಿ ಬೀಳೂದು ಇದ್ರಲ್ಲಿ. ಬಯಾಸಲ್ಲಿ (ವಿಂಡೋಸಿಗಿಂತ ಮೊದ್ಲು ಬರೂ ಬೋರ್ಡಿನ ಸೆಟ್ಟಿಂಗಲ್ಲಿ) ಡಿಸ್ಕ್ ಹೇಗೆ ನಡೆಸ್ಬೇಕು ಹೇಳೂಕೆ ಸಾಟಾ ಆಪರೇಷನ್ ಅಂತ ಇರ್ತದೆ, ತುಂಬಾ ಮಷಿನ್ನಲ್ಲಿ ಅದು ರೇಡ್ ಆನ್ ಅಂತ ಇರ್ತದೆ. ಹೊಸದಾಗಿ ವಿಂಡೋಸ್ ಹಾಕೂವಾಗ ಎನ್‌ವಿಎಂಇ ಕಾಣದೇ ಇದ್ರೆ ಎಸ್ಎಸ್‌ಡಿ ಹಾಳು ಹೇಳಿ ವಾಪಸ್ ಕಳಿಸ್ಬೇಡಿ, ಅಲ್ಲಿ ಎಎಚ್‌ಸಿಐ ಮಾಡಿ. ಆದ್ರೆ ಹಳೇ ವಿಂಡೋಸನ್ನೇ ಇದ್ದ ಹಾಗೇ ಹೊಸ ಡಿಸ್ಕಿಗೆ ಕಾಪಿ (ಕ್ಲೋನ್) ಮಾಡಿ, ಆ ಸೆಟ್ಟಿಂಗ್ ಒಮ್ಮೆಲೇ ಬದಲಾಯಿಸಿದ್ರೆ ಬೂಟ್ ಆಗೂದಿಲ್ಲ, ನೀಲಿ ಸ್ಕ್ರೀನ್ ಬರ್ತದೆ. ಮೊದ್ಲು ಸೇಫ್ ಮೋಡಿಗೆ (ತೀರಾ ಬೇಕಾದಷ್ಟೇ ಡ್ರೈವರಲ್ಲಿ ವಿಂಡೋಸ್ ಏಳೂ ರೀತಿ) ಇಟ್ಟು, ರೀಸ್ಟಾರ್ಟ್ ಮಾಡಿ ಬಯಾಸಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿ ಬೂಟಿಗೆ ತನ್ನಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೂ ಬೀಗ) ಆನ್ ಇದ್ರೆ ಅದರ ರಿಕವರಿ ಕೀ ಮೊದ್ಲೇ ಬರೆದಿಟ್ಕಳಿ. ವಿಂಡೋಸ್ ಲೈಸೆನ್ಸ್ ಹೋಗ್ತದಾ ಹೇಳಿ ಹೆದರೂದು ಬೇಡ, ಅದು ಮದರ್‌ಬೋರ್ಡಿಗೆ ಸೇರಿದ್ದು, ಡಿಸ್ಕ್ ರ‍್ಯಾಮ್ ಬದಲಾದ್ರೆ ಏನೂ ಆಗೂದಿಲ್ಲ.

ರ‍್ಯಾಮಿಗೆ ಇನ್ನೊಂದು 8 ಜಿಬಿ, ಡಿಡಿಆರ್4 2400, ಈಗ ಇದ್ದ ಹಾಗೇ ಇರೂದು. ಎರಡು ಸ್ಟಿಕ್ ಬೇರೆ ಬೇರೆ ಚಾನೆಲ್ಲಿನ (ಪ್ರೊಸೆಸರಿಗೆ ಹೋಗೂ ದಾರಿಯ) ಸ್ಲಾಟಲ್ಲಿ ಇದ್ರೆ ಒಳಗಿನ ಗ್ರಾಫಿಕ್ಸಿಗೂ ಉಸಿರು ಬರ್ತದೆ, ಯಾಕಂದ್ರೆ ಅದು ಬಳಸೂದು ಇದೇ ರ‍್ಯಾಮ್. ಅಗ್ಗಕ್ಕೆ ಸರ್ವರ್ ರ‍್ಯಾಮ್ ಮಾರ್ತಾರೆ, ಇಸಿಸಿ ರಿಜಿಸ್ಟರ್ಡ್ ಹೇಳಿ ಬರ್ದಿರ್ತದೆ, ಅದು ಇದ್ರಲ್ಲಿ ನಡೆಯೂದೇ ಇಲ್ಲ. 2025ರ ಕೊನೆಯಿಂದ ರ‍್ಯಾಮ್ ರೇಟ್ ಬಹಳ ಏರಿದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಅದೇ ಸಾಕು.

ಪ್ರೊಸೆಸರ್ ಬಗ್ಗೆ ನೀವು ಕೇಳಲಿಲ್ಲ ಆದ್ರೂ ಯಾರಾದ್ರೂ ಹೇಳ್ತಾರೆ. ಐ7-7700 ಕೂಡ್ತದೆ, ಎಂಟನೇ ಜನರೇಷನ್ನಿಂದು ಕೂಡೂದಿಲ್ಲ. ಎರಡಕ್ಕೂ ಸಾಕೆಟ್ 1151 ಹೌದು, ಆದ್ರೂ ಈ ಬೋರ್ಡಲ್ಲಿ ಎಂಟನೇದು ನಡೆಯೂದಿಲ್ಲ. ಸಾಕೆಟ್ ನಂಬರ್ ಒಂದೇ ನೋಡಿ ದುಡ್ಡು ಕೊಟ್ಟವ್ರನ್ನ ನಾ ನೋಡಿದ್ದೇನೆ.

ಹೊನ್ನಾವರದಿಂದ:

ಶಿರಸಿಯವ್ರು ಹೇಳಿದ್ದು ಎಲ್ಲಾ ಸರಿ, ಆದ್ರೆ ಅವ್ರಲ್ಲಿ ಸಮುದ್ರ ಇಲ್ಲ ಅಲ್ವಾ. ಕಾರವಾರದಲ್ಲಿ ನಿಮಗೆ ಮೊದಲನೇ ಶತ್ರು ಉಪ್ಪು ಗಾಳಿ. ನಮ್ಮದು ದಂಡೆಯಿಂದ ಅರ್ಧ ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಎರಡು ತಿಂಗಳು ಮಷಿನ್ ಮುಟ್ಟಿರ್ಲಿಲ್ಲ, ಚೌತಿ ಹೊತ್ತಿಗೆ ಆನ್ ಮಾಡಿದ್ರೆ ಪವರ್ ಬಟನ್ ಹಳದಿ ಮಿಣುಕ್ತದೆ, ಸ್ಕ್ರೀನ್ ಬರೂದಿಲ್ಲ. ಬೋರ್ಡೇ ಹೋಯ್ತು ಅಂದ್ಕೊಂಡೆ. ರ‍್ಯಾಮ್ ತೆಗೆದು ಬೆಳಕಿಗೆ ಹಿಡಿದ್ರೆ ಚಿನ್ನದ ಬಣ್ಣದ ಪಟ್ಟಿ ಇದ್ದಲ್ಲಿ ಮಸುಕು, ಒಂದೆರಡು ಕಡೆ ಹಸಿರು ಚುಕ್ಕಿ. ಪೆನ್ಸಿಲ್ ರಬ್ಬರಿನಿಂದ ನಯವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ರಬ್ಬರ್ ಚೂರು ಸ್ಲಾಟಿಗೆ ಬೀಳದ ಹಾಗೆ ನೋಡಿ ಹಾಕಿದೆ, ಎದ್ದು ಬಂತು. ಉಪ್ಪು ಗಾಳಿಯ ತೇವ ಎಳ್ಕೊಳ್ತದೆ, ಬಂದ್ ಇಟ್ಟ ಮಷಿನ್ನೇ ಬೇಗ ಹಾಳಾಗೂದು. ಅಂದಿನಿಂದ ಮಳೆಗಾಲದಲ್ಲಿ ಕೆಲ್ಸ ಇಲ್ದಿದ್ರೂ ದಿನಾ ಒಂದು ತಾಸು ಆನ್ ಇಡ್ತೇನೆ, ಒಳಗಿನ ಬಿಸಿಗೆ ತೇವ ಹೋಗ್ತದೆ. ಸಮುದ್ರದ ಬದಿ ಕಿಟಕಿ ಹತ್ರ ಇಡ್ಬೇಡಿ.

ಡೇಟು ಟೈಮು ಪ್ರತಿ ಸಲ ಹಿಂದೆ ಹೋಗ್ತಿದ್ರೆ ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಬದಲಾಯಿಸಿ, ಗಡಿಯಾರದ ಅಂಗಡೀಲೂ ಸಿಗ್ತದೆ.

ಕಾರವಾರದಿಂದ:

ತುಂಬಾ ಧನ್ಯವಾದ. ಮುಚ್ಚಳ ತೆಗೆದೆ. ಎಂ.2 ಸ್ಲಾಟ್ ಅದೆ, ಸ್ಕ್ರೂ ಇಲ್ಲ! ಹಿಂದೆ ಒಂದು ತಗಡಿನ ಪಟ್ಟಿ ಇಲ್ದೇ ತೂತು ಹಾಗೇ ಅದೆ. ಎರಡು ಡೌಟು. ವಿಡಿಯೋಕ್ಕೆ ಗ್ರಾಫಿಕ್ ಕಾರ್ಡ್ ಬೇಡವೇ ಬೇಡ್ವಾ? ವಿಂಡೋಸ್ 11 ಇಲ್ದೇ ಎಷ್ಟು ದಿನ ನಡೀತದೆ?

ಶಿರಸಿಯಿಂದ:

ಅಕ್ಕಾ, ಆ ತೂತು ಇವತ್ತೇ ಮುಚ್ಚಿ. ನಮ್ಮಲ್ಲಿ ಒಬ್ರ ಮನೇಲಿ ಅದ್ರಿಂದ್ಲೇ ಹಲ್ಲಿ ಒಳಗೆ ಹೋಗಿ ಬೋರ್ಡ್ ಶಾರ್ಟ್ ಆಗಿತ್ತು. ಇರುವೆ ಸಹ ಬೆಚ್ಚಗೆ ಇರ್ತದೆ ಹೇಳಿ ಮೊಟ್ಟೆ ತಂದು ಇಡ್ತವೆ. ತಗಡಿನ ಪಟ್ಟಿ ಯಾವುದಾದ್ರೂ ರಿಪೇರಿಯವ್ರ ಹತ್ರ ಹಳೇದು ಬಿದ್ದಿರ್ತದೆ, ಸ್ಕ್ರೂ ಸಹ ಅಲ್ಲೇ ಕೇಳಿ.

ಕಾರ್ಡಿನ ವಿಷ್ಯ. ನಿಮ್ಮ ಐ5-7500ರ ಒಳಗೆ ಎಚ್‌ಡಿ ಗ್ರಾಫಿಕ್ಸ್ 630 ಅದೆ, ಅದ್ರಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೋಕ್ಕೇ ಮಾಡಿದ ಭಾಗ ಅದೆ, ಎಚ್.264 ಎಚ್.265 ಎರಡೂ ವಿಡಿಯೋ ಫಾರ್ಮ್ಯಾಟ್ ಮಾಡ್ತದೆ. ಎಕ್ಸ್‌ಪೋರ್ಟ್ ಮಾಡೂವಾಗ ಹಾರ್ಡ್‌ವೇರ್ ಎನ್‌ಕೋಡಿಂಗ್ (ವಿಡಿಯೋ ಕುಗ್ಗಿಸೂ ಕೆಲ್ಸ ಆ ಭಾಗಕ್ಕೆ ಬಿಡೂದು) ಆನ್ ಮಾಡಿ ನೋಡಿ. ಟೈಮ್‌ಲೈನಲ್ಲಿ ಹಿಡೀತಿದ್ರೆ ಪ್ರಾಕ್ಸಿ ಮಾಡ್ಕಳಿ, ಅಂದ್ರೆ ಎಡಿಟಿಗೆ ಸಣ್ಣ ಕಾಪಿ, ಕೊನೆಗೆ ಅಸಲು ಫೈಲಿಂದ ಎಕ್ಸ್‌ಪೋರ್ಟ್. ಚೆಂಡೆ ಪೆಟ್ಟಿಗೂ ಹೆಜ್ಜೆಗೂ ಸರಿಯಾಗಿ ಕಟ್ ಮಾಡ್ಬೇಕಲ್ಲ ನಿಮಗೆ, ಪ್ರಾಕ್ಸಿ ಇಲ್ದೇ ಆ ಕೆಲ್ಸ ತುಂಬಾ ತ್ರಾಸು.

ಇಷ್ಟಾಗಿಯೂ ಸಾಲದಿದ್ರೆ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರೂ) ಕಾರ್ಡೇ ಬೇಕು, ಬೇರೆ ವಯರ್ ಬೇಡದೇ ಸ್ಲಾಟಿಂದ್ಲೇ ಪವರ್ ತಗೊಳ್ಳೂದು. ಸ್ಲಾಟಿನ ಮಿತಿ 75 ವ್ಯಾಟ್, ಕೆಲವು ಸಣ್ಣ ಡಬ್ಬಿಯಲ್ಲಿ ಅದಕ್ಕಿಂತ ಕಡಿಮೆ ಇಟ್ಟಿರ್ತಾರೆ, ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ಲಲ್ಲಿ ಓದಿ. ಪ್ರೊಸೆಸರ್ರೇ 65 ವ್ಯಾಟಿಂದು, ಒಟ್ಟು 180, ಹಾಗಾಗಿ ಜಿಟಿಎಕ್ಸ್ 1650ರ ಹಾಗೆ 75 ವ್ಯಾಟ್ ಪೂರ್ತಿ ಎಳೆಯೋದು ಹಾಕೂಕೆ ನನಗೆ ಧೈರ್ಯ ಇಲ್ಲ. ಜಿಟಿ 1030 30 ವ್ಯಾಟ್ ಮಾತ್ರ, ಆದ್ರೆ ಅದ್ರಲ್ಲಿ ವಿಡಿಯೋ ಎನ್‌ಕೋಡರ್ ಇಲ್ಲ. ಆರ್‌ಎಕ್ಸ್ 6400ರಲ್ಲೂ ಇಲ್ಲ, ಮತ್ತೆ ಅದು ಪಿಸಿಐಇ, ಅಂದ್ರೆ ಕಾರ್ಡ್ ಕೂಡೂ ಸ್ಲಾಟಿನ, ನಾಲ್ಕೇ ಲೇನ್ (ಡೇಟಾ ಹೋಗೂ ದಾರಿ) ಬಳಸೋದ್ರಿಂದ ನಿಮ್ಮ ಹಳೇ ಬೋರ್ಡಲ್ಲಿ ಇನ್ನೂ ಹಿಂದೆ ಬೀಳ್ತದೆ. ಗೇಮ್ ಆಡೋರಿಗೆ ಬೇರೆ ಮಾತು, ನಿಮಗೆ ಈಗ ಬೇಡ.

ವಿಂಡೋಸ್ 11ಕ್ಕೆ ಇಂಟೆಲ್ಲಲ್ಲಿ ಎಂಟನೇ ಜನರೇಷನ್ ಮೇಲೆಯೇ ಬೇಕು, ಏಳನೇದ್ರಲ್ಲಿ ಬೆರಳೆಣಿಕೆಯಷ್ಟು ಬಿಟ್ರೆ ಇಲ್ಲ, ನಿಮ್ಮದು ಆ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಇಎಸ್‌ಯುಗೆ (ಮೈಕ್ರೋಸಾಫ್ಟಿನ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ) ಸೇರಿಸಿದ್ರೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಬರ್ತದೆ. ಬೇರೆಯವ್ರಿಗೆ ವಿಂಡೋಸ್ ಬದ್ಲು ಪುಕ್ಕಟೆ ಸಿಗೂ ಲಿನಕ್ಸ್ ಹಾಕಿ ಅಂತಿದ್ದೆ, ಆದ್ರೆ ಪೇಜ್‌ಮೇಕರ್ ನುಡಿ ಮೇಲೆ ಹೊಟ್ಟೆ ಹೊರೆಯೋರಿಗೆ ಹಾಗೆ ಹೇಳೂಕೆ ಆಗೂದಿಲ್ಲ.

ಉಳಿದ ದುಡ್ಡಲ್ಲಿ ಒಂದು ಯುಪಿಎಸ್ ತಗೊಳ್ಳಿ. ಗ್ರಾಹಕರ ಆಟದ ಫೈಲ್ ಕಾಪಿ ಆಗೂವಾಗ ಕರೆಂಟ್ ಹೋಯ್ತು ಅಂದ್ರೆ ಹೋದ ಫೈಲ್ ಮತ್ತೆ ಕುಣಿಸೂಕೆ ಬರೂದಿಲ್ಲ. ಮತ್ತೆ ಏಪ್ರಿಲ್ ಮೇ ಗುಡುಗು ಶುರುವಾದ ಕೂಡ್ಲೇ ಪ್ಲಗ್ಗೂ ತೆಗೀರಿ, ರೂಟರಿಂದ ಬರೋ ಲ್ಯಾನ್ ವಯರೂ ತೆಗೀರಿ. ನಮ್ಮ ಕಡೆ ಎಷ್ಟೋ ಬೋರ್ಡು ಸುಟ್ಟದ್ದು ಕರೆಂಟ್ ವಯರಿಂದಲ್ಲ, ಫೋನ್ ವಯರಲ್ಲಿ ಬಂದ ಸಿಡಿಲಿಂದ. ಈಗ ಫೈಬರ್ ಆದ್ಮೇಲೆ ಆ ದಾರಿ ಮುಚ್ಚಿದೆ, ಆದ್ರೂ ರೂಟರಿನ ಅಡಾಪ್ಟರ್ ಪ್ಲಗ್ಗಲ್ಲೇ ಇರ್ತದಲ್ಲ. ಎಲೆಕ್ಟ್ರಿಷಿಯನ್ ಕರ್ಸಿ ಅರ್ಥಿಂಗ್ ಒಮ್ಮೆ ಚೆಕ್ ಮಾಡ್ಸಿ.

ಕಾರವಾರದಿಂದ, ಹದಿನೈದು ದಿನ ಬಿಟ್ಟು:

ಹೇಳಿದ ಹಾಗೇ ಮಾಡಿದೆ. 500 ಜಿಬಿ ಎನ್‌ವಿಎಂಇ, ಸೆಕೆಂಡ್ ಹ್ಯಾಂಡ್ 8 ಜಿಬಿ ರ‍್ಯಾಮ್, ಯುಪಿಎಸ್. ಹೊಸದಾಗಿ ವಿಂಡೋಸ್ ಹಾಕೂವಾಗ ಡಿಸ್ಕ್ ಕಾಣಲೇ ಇಲ್ಲ, ಶಿರಸಿಯವ್ರ ಮಾತು ನೆನಪಾಗಿ ಬಯಾಸಿಗೆ ಹೋದ್ರೆ ರೇಡ್ ಆನ್ ಅಂತಲೇ ಇತ್ತು. ಸ್ಕ್ರೂ ಒಂದು ರಿಪೇರಿ ಅಂಗಡೀಲಿ ಸಿಕ್ತು, ದುಡ್ಡು ತಗೊಳ್ಳಲಿಲ್ಲ, ತಗಡಿನ ಪಟ್ಟೀನೂ ಅಲ್ಲೇ ಸಿಕ್ತು. ಈಗ ಆನ್ ಮಾಡಿದ್ರೆ ಇಪ್ಪತ್ತು ಸೆಕೆಂಡಲ್ಲಿ ಪೇಜ್‌ಮೇಕರ್ ತೆಗೀಬಹುದು. ಮುಕ್ಕಾಲು ಗಂಟೆಯ ಒಂದು ಯುದ್ಧದ ಭಾಗ ಎಕ್ಸ್‌ಪೋರ್ಟ್ ಮಾಡೂಕೆ ಮೊದ್ಲು ಒಂದೂವರೆ ತಾಸು ಹಿಡೀತಿತ್ತು, ಹಾರ್ಡ್‌ವೇರ್ ಎನ್‌ಕೋಡಿಂಗ್ ಆನ್ ಮಾಡಿದ್ಮೇಲೆ ಅರ್ಧ ತಾಸಿನ ಒಳಗೆ ಮುಗೀತು. ಪ್ರಾಕ್ಸಿ ಕಲೀತಾ ಇದ್ದೇನೆ.

ಹೊನ್ನಾವರದವ್ರು ಹೇಳಿದ್ದು ನೋಡಿ ಹಳೇ ರ‍್ಯಾಮ್ ಸಹ ತೆಗೆದು ನೋಡಿದೆ, ತುದಿಯಲ್ಲಿ ಮಸುಕು ಶುರುವಾಗಿತ್ತು, ಮಗಳ ರಬ್ಬರ್ ತಕಂಡು ಉಜ್ಜಿದೆ. ಗ್ರಾಫಿಕ್ ಕಾರ್ಡಿಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿದದೆ, ಅರ್ಥಿಂಗ್ ನೋಡೂಕೆ ಎಲೆಕ್ಟ್ರಿಷಿಯನ್ ನಾಳೆ ಬರ್ತೆ ಅಂದಿದ್ದಾನೆ.