ಮಗಳನ್ನು ಕಾಡಿಗೆ ಕರೆದುಕೊಂಡು ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ಮಗಳಿಗೆ ಏಳು ವರ್ಷ. ಹೋದ ವರ್ಷ ಬೆಂಗಳೂರಿನಿಂದ ಮಣಿಪಾಲಕ್ಕೆ ಬಂದೆವು. ಹೊರದೇಶಗಳಲ್ಲಿ ಮಕ್ಕಳು ಕಾಡಿನಲ್ಲೇ ಆಡುತ್ತಾ ಬೆಂಕಿ ಹಚ್ಚುವುದು, ಗಂಟು ಹಾಕುವುದು, ಗುಡಿಸಲು ಕಟ್ಟುವುದು ಕಲಿಯುವ ಶಾಲೆಗಳ ಬಗ್ಗೆ ಓದಿದೆ. ನಮ್ಮ ಕಡೆ ಇದನ್ನು ಹೇಗೆ ಮಾಡುವುದು? ಹಾವು ಅಂದರೆ ನನಗೆ ತುಂಬಾ ಭಯ. ಮಕ್ಕಳಿಗೆ ಇದನ್ನೆಲ್ಲ ಕಲಿಸಿದವರು ದಯವಿಟ್ಟು ಅನುಭವ ಹೇಳಿ.

ಸುರತ್ಕಲ್‌ನಿಂದ:

ಆರು ವರ್ಷದಿಂದ ನನ್ನ ಇಬ್ಬರು ಮಕ್ಕಳ ಜೊತೆ ಇದನ್ನೇ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಾನೂ ಶಿಬಿರವನ್ನೇ ಹುಡುಕಿದ್ದು. ಬೇಸಿಗೆ ರಜೆಯಲ್ಲಿ ದೊಡ್ಡವನನ್ನು ಎರಡು ದಿನದ ಒಂದು ಶಿಬಿರಕ್ಕೆ ಕಳಿಸಿದೆ. ಹಗ್ಗದ ಮೇಲೆ ನಡೆಸಿದರು, ಫೋಟೋ ತೆಗೆದರು, ಸರ್ಟಿಫಿಕೇಟ್ ಕೊಟ್ಟರು. ಮನೆಗೆ ಬಂದ ಮೇಲೆ ಕೇಳಿದರೆ ಅಲ್ಲಿದ್ದ ಒಂದು ಮರದ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಡೆನ್ಮಾರ್ಕಿನಲ್ಲಿ 1950ರ ದಶಕದಿಂದಲೇ ಇಂಥ ಶಿಶುವಿಹಾರಗಳಿದ್ದವು. 1993ರಲ್ಲಿ ಇಂಗ್ಲೆಂಡಿನ ಬ್ರಿಜ್‌ವಾಟರ್ ಕಾಲೇಜಿನವರು ಅಲ್ಲಿಗೆ ಹೋಗಿ ನೋಡಿ ಬಂದು ತಮ್ಮಲ್ಲೂ ಶುರು ಮಾಡಿದರು. ಅದರಲ್ಲಿ ಮುಖ್ಯವಾದದ್ದು, ಮಕ್ಕಳು ವಾರ ವಾರ ಅದೇ ಜಾಗಕ್ಕೆ ಹೋಗುವುದು. ಮಳೆಗೂ ಅದೇ ಜಾಗ, ಬಿಸಿಲಿಗೂ ಅದೇ ಜಾಗ. ಇದಕ್ಕೆ ದುಡ್ಡು ಬೇಡ, ಜಾಗ ಗೊತ್ತಿರುವ ಒಬ್ಬ ದೊಡ್ಡವರು ಜೊತೆಗಿದ್ದರೆ ಸಾಕು.

ನಮಗೆ ಸಿಕ್ಕಿದ್ದು ಅಕ್ಕನ ಮನೆಯ ಹಿಂದಿನ ಗೇರು ಗುಡ್ಡೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಅಲ್ಲೇ. ಮೊದಲ ತಿಂಗಳು ಒಂದೇ ಪಾಠ: ದಾರಿ ತಪ್ಪಿದರೆ ನಿಲ್ಲುವುದು. ಹತ್ತಿರದ ಮರ ಹಿಡಿದುಕೊಂಡು ಅಲ್ಲೇ ಇರಬೇಕು, ಕುತ್ತಿಗೆಯಲ್ಲಿರುವ ಸೀಟಿಯನ್ನು ಮೂರು ಸಲ ಊದಬೇಕು. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ನಾನು ಪೊದೆಯ ಹಿಂದೆ ಮರೆಯಾಗುತ್ತಿದ್ದೆ. ಸಣ್ಣವಳು ಮೊದಲೆರಡು ಸಲ ಅಳುತ್ತಾ ಓಡಿ ಬಂದಳು. ಮೂರನೇ ಭಾನುವಾರ ಮರ ತಬ್ಬಿಕೊಂಡೇ ನಿಂತಳು. ಕಣ್ಣಲ್ಲಿ ನೀರು, ಬಾಯಲ್ಲಿ ಸೀಟಿ. ನಾನು ಹೋಗಿ ಎತ್ತಿಕೊಂಡರೆ "ಇನ್ನೊಂದು ಸಲ ಆಡುವಾ" ಅಂದಳು!

ಬೆಂಕಿ ಕಲಿಸಿದ್ದು ಗುಡ್ಡೆಯಲ್ಲಿ ಅಲ್ಲ, ಅಕ್ಕನ ಮನೆಯ ಬಚ್ಚಲು ಒಲೆಯಲ್ಲಿ. ಕಾಡಿನಲ್ಲಿ ಬೆಂಕಿ ಹಚ್ಚಲೇಬಾರದು, ಅದು ಕಾನೂನಿಗೂ ವಿರುದ್ಧ. ಹೊರಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ. ಒಬ್ಬೊಬ್ಬರಿಗೆ ಮೂರೇ ಬೆಂಕಿಕಡ್ಡಿ ಕೊಟ್ಟಿದ್ದೆ. ಮಗ ಸೀದಾ ದಪ್ಪ ಕಟ್ಟಿಗೆಗೆ ಕಡ್ಡಿ ಹಿಡಿದ. ಎರಡು ಕಡ್ಡಿ ಹೋಯಿತು. ಆಮೇಲೆ ಸುಮ್ನೆ ಕೂತು ಯೋಚಿಸಿದ. ಹಳೆಯ ತೆಂಗಿನ ಸಿಪ್ಪೆಯೊಂದನ್ನು ಸೀಳಿದ. ಮೇಲೆ ತಂಡಿ, ಒಳಗಿನ ನಾರು ಗರಿಗರಿ. ಅದನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಹಕ್ಕಿಗೂಡಿನ ಹಾಗೆ ಮಾಡಿದ. ಮೇಲೆ ಮಡಲಿನ ಸಣ್ಣ ಚೂರು, ಆಮೇಲೆ ಬೆರಳು ಗಾತ್ರದ ಕಡ್ಡಿ, ಕೊನೆಗೆ ಒಂದು ಗೆರಟೆ. ಮೂರನೇ ಕಡ್ಡಿಗೆ ನಾರು ಹೊಗೆಯಾಡಿತು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಮೆಲ್ಲ ಊದಿದ. ಹಿಡಿಯಿತು. ಆ ಕೆಂಡದಲ್ಲೇ ಹಲಸಿನ ಬೀಜ ಸುಟ್ಟು ತಿಂದೆವು. ಒಂದು ಎಚ್ಚರಿಕೆ: ಹಸಿ ಗೇರುಬೀಜವನ್ನು ಮಕ್ಕಳು ಬೆಂಕಿಗೆ ಹಾಕದ ಹಾಗೆ ನೋಡಿಕೊಳ್ಳಿ. ಅದರ ಎಣ್ಣೆ ಸಿಡಿದರೆ ಚರ್ಮ ಸುಡುತ್ತದೆ.

ಸಿಡಿಲಿನ ಲೆಕ್ಕ ಮಕ್ಕಳಿಗೆ ತುಂಬಾ ಇಷ್ಟ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಟ ಬಿಟ್ಟು ಮನೆಯೊಳಗೆ. ಮರದ ಕೆಳಗೆ ನಿಲ್ಲುವ ಹಾಗಿಲ್ಲ. ಏಪ್ರಿಲ್, ಮೇ, ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಇದು ನಿಜಕ್ಕೂ ಬೇಕಾಗುತ್ತದೆ.

ನನಗೆ ಹಾವಿಗಿಂತ ಜಾಸ್ತಿ ಭಯ ನೀರಿನದ್ದು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ನಮ್ಮಲ್ಲಿ ಎಲ್ಲೆಲ್ಲೂ ಉಂಟು. ಮಳೆಗಾಲದಲ್ಲಿ ತುಂಬಿ ಕೆರೆಯ ಹಾಗೆ ಕಾಣುತ್ತವೆ. ಆದರೆ ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಸೀದಾ ಆಳ, ಹತ್ತಿ ಬರಲು ಮೆಟ್ಟಿಲೂ ಇಲ್ಲ. ನೀವು ಯಾವ ಗುಡ್ಡೆ ಆರಿಸಿಕೊಂಡರೂ ಮೊದಲು ಒಬ್ಬರೇ ಸುತ್ತಿ ಕೋರೆ, ಕಟ್ಟೆ ಇಲ್ಲದ ಬಾವಿ ಎಲ್ಲಿವೆ ನೋಡಿಕೊಳ್ಳಿ. ಮಗಳಿಗೆ ಈಜು ಕಲಿಸಿ. ಉಳಿದದ್ದೆಲ್ಲ ಆಮೇಲೆ.

ಕಾರ್ಕಳದಿಂದ:

ನಾನು ಅಜ್ಜಿ. ನಮ್ಮ ಕಾಲದಲ್ಲಿ ಇದಕ್ಕೆ ಶಾಲೆ ಅಂತ ಹೆಸರಿರಲಿಲ್ಲ, ಆದರೆ ಕಲಿಸುತ್ತಿದ್ದರು. ನಾನು ಮೊಮ್ಮಗನಿಗೆ ಮರ ಗುರುತಿಸುವುದು ಹೇಳಿಕೊಡುತ್ತಿದ್ದೇನೆ. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಕುಡಿಯುವುದು ನಮ್ಮ ಪದ್ಧತಿ ಅಲ್ವಾ? ಬೆಳಕು ಹರಿಯುವ ಮೊದಲು ತರಬೇಕು. ಆ ಕತ್ತಲಲ್ಲಿ ಕಾಸರಕ ಎಂಬ ವಿಷದ ಮರದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಹಾಗಾಗಿ ನಾವು ಹಿಂದಿನ ದಿನವೇ ಹಗಲಲ್ಲಿ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬರುತ್ತೇವೆ. ಹಾಲೆಯ ಎಲೆ ಒಂದೇ ಗಂಟಿನ ಸುತ್ತ ಐದು, ಆರು, ಏಳು, ಛತ್ರಿಯ ಕಡ್ಡಿ ಬಿಚ್ಚಿದ ಹಾಗೆ. ಕಿತ್ತರೆ ಬಿಳಿ ಹಾಲು. ಕಾಸರಕದ ಎಲೆ ಜೋಡಿ ಜೋಡಿ, ಬುಡದಿಂದಲೇ ದಪ್ಪ ನರಗಳು ತುದಿಗೆ ಓಡುತ್ತವೆ, ಹಾಲು ಬರುವುದಿಲ್ಲ. ಬರೀ ಹಾಲು ನೋಡಿ ನಂಬಬೇಡಿ, ಹಾಲು ಬರುವ ವಿಷದ ಮರಗಳೂ ಉಂಟು. ಹುಡುಗನಿಗೆ ಒಂಬತ್ತು ವರ್ಷ. ಹೋದ ವರ್ಷ ಅವನೇ ಎಲೆ ಎಣಿಸಿ "ಅಜ್ಜಿ, ಇದೇ" ಅಂದ. ಆದರೂ ನಾನು ನೋಡದೆ ಕೆತ್ತೆ ತೆಗೆಯಲು ಬಿಡಲಿಲ್ಲ.

ಕುಂಟಲ, ಕೇಪುಳ, ಪುನರ್ಪುಳಿ ಹಣ್ಣು ತಿನ್ನಲು ಕಲಿಸಿ. ಅಣಬೆ ಮಾತ್ರ ಬೇಡವೇ ಬೇಡ. ನಾಗಬನದ ಹೊರಗೆ ನಿಂತು ಹಕ್ಕಿ ಕೇಳಿಸಿ, ಒಳಗಿನ ಒಂದು ಎಲೆಯನ್ನೂ ಮುಟ್ಟಬಾರದು ಅಂತ ಹೇಳಿ.

ಉಡುಪಿಯಿಂದ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು:

ಹಾವಿನ ಭಯಕ್ಕೆ ಮದ್ದು ಅಭ್ಯಾಸ. ತರಗೆಲೆ ರಾಶಿಗೆ, ಕಲ್ಲಿನ ಸಂದಿಗೆ ಕೈ ಹಾಕಬಾರದು. ಮುಂದೆ ಕೋಲು ತಟ್ಟಿಕೊಂಡು ನಡೆಯಬೇಕು. ಶೂ ಹಾಕುವ ಮೊದಲು ಕೊಡವಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಳೆ, ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಬನ್ನಿ. ಹಾವು ಹಿಡಿದು ತರಬೇಕಾಗಿಲ್ಲ.

ಘಟ್ಟದ ಬುಡದ ಕಾಡಿಗೆ ಹೋಗುವವರು ಮಂಗನ ಕಾಯಿಲೆ ಮರೆಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಇದು. ಹರಡುವುದು ಉಣುಗಿನಿಂದ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ), ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಸತ್ತ ಮಂಗ ಕಂಡರೆ ಆ ಜಾಗ ಬಿಟ್ಟು ಬನ್ನಿ, ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಇದೆಯಾ ನೋಡಿ.

ವಾಮಂಜೂರಿನಿಂದ:

ಗುಡ್ಡೆ ಸಿಗದಿದ್ದರೆ ರಜೆಯಲ್ಲಿ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಬನ್ನಿ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ನೆಟ್ಟು ಬೆಳೆಸಿದ್ದಾರೆ. ಗಂಟು ಹಾಕುವುದು ಕಲಿಯಲು ಶಾಲೆಯಲ್ಲಿ ಸ್ಕೌಟ್ಸ್ ಗೈಡ್ಸ್ ಇದೆಯಾ ಕೇಳಿ, ನಿಮ್ಮ ಮಗಳ ವಯಸ್ಸಿಗೆ ಅದರಲ್ಲೇ ಬುಲ್‌ಬುಲ್ ಅಂತ ಸಣ್ಣ ಹುಡುಗಿಯರ ವಿಭಾಗ ಉಂಟು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಮನೆಕೆಲಸಕ್ಕೆ ಬರುವ ಅಕ್ಕನ ಮನೆಯ ಹಿಂದೆ ಒಂದು ಗೇರು ಗುಡ್ಡೆ ಇದೆಯಂತೆ. ಶನಿವಾರ ನಾನೊಬ್ಬಳೇ ಹೋಗಿ ಕೋರೆ ಇದೆಯಾ ನೋಡಿ ಬರುತ್ತೇನೆ. ಸೀಟಿ ತಂದಾಯಿತು. ಮಗಳು ಬೆಳಿಗ್ಗೆಯಿಂದ ಮೂರು ಮೂರು ಸಲ ಊದುತ್ತಿದ್ದಾಳೆ.