ಬಯೋಸ್ಟಿಮ್ಯುಲೆಂಟ್: ಉತ್ತೇಜಕವೋ, ಚೋದಕವೋ, ಟಾನಿಕ್ಕೋ?

ಪ್ರಶ್ನೆ: ತರಕಾರಿ ಬೆಳೆಗಾರರ ಕೈಪಿಡಿಯೊಂದಕ್ಕೆ ‘ಬಯೋಸ್ಟಿಮ್ಯುಲೆಂಟ್’ (ಗಿಡದ ಬೆಳವಣಿಗೆಗೂ ತಾಳಿಕೆಗೂ ನೆರವಾಗಲೆಂದು ಕೊಡುವ ವಸ್ತು) ಎಂಬುದಕ್ಕೆ ಕನ್ನಡ ಪದ ಬೇಕಾಗಿದೆ. ‘ಜೈವಿಕ ಗೊಬ್ಬರ’, ‘ಜೈವಿಕ ಉತ್ತೇಜಕ’, ‘ಜೀವಚೋದಕ’, ಈ ಮೂರರಲ್ಲಿ ಯಾವುದು ಸರಿ? ಜತೆಗೆ, ಗಿಡದ ‘ಸ್ಟ್ರೆಸ್’ಗೆ ‘ಒತ್ತಡ’ ಎನ್ನಬಹುದೇ?

ಉತ್ತರ: ‘ಜೈವಿಕ ಗೊಬ್ಬರ’ ಖಂಡಿತ ಬೇಡ. ಅದು ರೈಜೋಬಿಯಂ, ಅಜೋಸ್ಪಿರಿಲಂಗಳಂಥ ಜೀವಂತ ಸೂಕ್ಷ್ಮಾಣುಗಳಿಗೆ ಸಂದ ಹೆಸರು. ನೀವು ಕೇಳುತ್ತಿರುವ ವರ್ಗದಲ್ಲಿ ಕಡಲಕಳೆಯ ಸಾರ, ಹ್ಯೂಮಿಕ್ ಆಮ್ಲ, ಅಮೈನೋ ಆಮ್ಲಗಳಿವೆ. ಇವು ಜೀವಂತವಲ್ಲ, ಗೊಬ್ಬರದ ಬದಲಿಗೆ ಹಾಕುವಂಥವೂ ಅಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ತಿದ್ದುಪಡಿ ತಂದಾಗ ಇವಕ್ಕೆ ಬೇರೆಯೇ ವರ್ಗ ಕೊಟ್ಟಿದ್ದಾರೆ. ‘ಚೋದಕ’ ಎಂದರೆ ಹಾರ್ಮೋನು ನೆನಪಾಗುತ್ತದೆ, ಓದುಗರು ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಎಂದುಕೊಂಡಾರು.

ಉಳಿದದ್ದು ‘ಜೈವಿಕ ಉತ್ತೇಜಕ’. ತಲೆಬರಹಕ್ಕೆ ಅದೇ ಇರಲಿ. ಆದರೆ ಅದರಲ್ಲೂ, ಅಂಗಡಿಗಳಲ್ಲಿ ನಡೆಯುವ ‘ಟಾನಿಕ್’ನಲ್ಲೂ ಒಂದು ತೊಡಕಿದೆ. ಬಾಡಿದ ಗಿಡಕ್ಕೆ ಹೊಡೆದರೆ ಕೂಡಲೇ ಎದ್ದು ನಿಲ್ಲುತ್ತದೆ ಎಂಬ ಭರವಸೆ ಎರಡು ಪದಗಳಲ್ಲೂ ಅಡಗಿದೆ, ರೈತರ ದುಡ್ಡು ಹೋಗುವುದು ಅಲ್ಲೇ. ಇದೇ ಬಗೆಯಲ್ಲಿ ಬಳಸುವ ನುಗ್ಗೆಸೊಪ್ಪಿನ ರಸವನ್ನೇ ನೋಡಿ. ಎಳೆಸೊಪ್ಪನ್ನು ತುಸು ನೀರಿನೊಂದಿಗೆ ರುಬ್ಬಿ, ಹಿಂಡಿ, ಎರಡು ಪದರ ಬಟ್ಟೆಯಲ್ಲಿ ಸೋಸಬೇಕು. ಇಲ್ಲವಾದರೆ ನಾರು ನಾಜಲ್‌ಗೆ ಕಟ್ಟಿಕೊಳ್ಳುತ್ತದೆ. ಅರ್ಧ ಲೀಟರ್ ರಸಕ್ಕೆ 15 ಲೀಟರ್ ನೀರು. ಹಿಂಡಿದ ದಿನವೇ ಸಿಂಪಡಿಸಿ ಮುಗಿಸಬೇಕು, ಇಟ್ಟರೆ ಹುಳಿಯುತ್ತದೆ. ಇದರಲ್ಲಿರುವ ಝಿಯಾಟಿನ್ ಎಂಬ ವಸ್ತು ಎಲೆ ಬೇಗ ಹಣ್ಣಾಗದಂತೆ ತಡೆಯುತ್ತದೆ. ಆದರೆ ಎಲೆ ಜೋತುಬಿದ್ದು ಪತ್ರರಂಧ್ರಗಳು ಮುಚ್ಚಿಕೊಂಡ ಮೇಲೆ, ಅದೂ ನಡುಮಧ್ಯಾಹ್ನದಲ್ಲಿ ಹೊಡೆದರೆ ಹನಿ ಎಲೆಯ ಮೇಲೆಯೇ ಒಣಗುತ್ತದೆ. ಒಳಗಿಳಿಯುವುದು ತೀರ ಕಡಿಮೆ. ಮಣ್ಣಿನಲ್ಲಿ ಹಸಿ ಇರುವಾಗಲೇ, ಬೆಳಗ್ಗೆಯೋ ಸಂಜೆಯೋ ಕೊಡಬೇಕು.

ಎಂದರೆ ಇದು ಎಬ್ಬಿಸುವ ಕೆಲಸವಲ್ಲ, ಮೊದಲೇ ಅಣಿಗೊಳಿಸುವ ಕೆಲಸ. ಇದಕ್ಕೆ ‘ಹುರಿಗೊಳಿಸು’ ಎಂಬ ಕ್ರಿಯಾಪದ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಗರಡಿಯಲ್ಲಿ ಮೈ ಹುರಿಗೊಳ್ಳುವುದು ಕುಸ್ತಿಗೆ ಮುಂಚೆಯೇ ಅಲ್ಲವೇ. ವಿವರಣೆಯಲ್ಲಿ ಇದನ್ನೇ ಬಳಸಿ ಎಂಬುದು ನನ್ನ ಒತ್ತಾಯ.

‘ಒತ್ತಡ’ ತಪ್ಪಲ್ಲ, ಆದರೆ ಹೊಲದಲ್ಲಿ ಅದು ಏನನ್ನೂ ತೋರಿಸುವುದಿಲ್ಲ. ಬರ, ಬಿಸಿಲು, ಚಳಿ, ಚೌಳು, ಯಾವುದೋ ಅದರ ಹೆಸರನ್ನೇ ಹೇಳಿ. ಕೈಪಿಡಿಯ ಸಾಲು ಹೀಗಿರಬಹುದು: “ಬರ ತಟ್ಟುವ ಮುನ್ನವೇ ಗಿಡವನ್ನು ಹುರಿಗೊಳಿಸಲು ಸಿಂಪಡಿಸಿ. ಗಿಡ ಆಗಲೇ ಬಾಡಿದ್ದರೆ ಮೊದಲು ನೀರು ಕೊಡಿ.”