ಶಾಲೆಯಲ್ಲಿ ಚಿನ್ನ, ಮನೆಯಲ್ಲಿ ಚಂಡಿ: ಏನು ಮಾಡಲಿ?

ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಶಾಲೆಯಿಂದ ಒಂದು ದೂರೂ ಇಲ್ಲ. ಮನೆಗೆ ಬಂದರೆ ಶೂ ಬಿಚ್ಚುವ ಮೊದಲೇ ರಂಪ. ಚಿತ್ರ ಬರೆಯುವುದೆಂದರೆ ಪ್ರಾಣ, ಆದರೆ ಒಂದು ಗೆರೆ ಸೊಟ್ಟಗಾದರೂ ಹಾಳೆ ಹರಿದು ತಂಗಿಗೆ ಹೊಡೆಯುತ್ತಾನೆ. ಬುದ್ಧಿ ಬರುವವರೆಗೆ ಬಣ್ಣದ ಡಬ್ಬಿ ಎತ್ತಿಡು ಅನ್ನುತ್ತಾರೆ ಮನೆಯವರು. ಎತ್ತಿಡಲಾ?

ವೈಟ್‌ಫೀಲ್ಡ್‌ನ ಒಬ್ಬ ಅಮ್ಮ: ಖಂಡಿತ ಬೇಡ. ದಿನವಿಡೀ ಸುಮ್ಮನೆ ಕೂತು, ಸಾಲಲ್ಲಿ ನಿಂತು, ಎಲ್ಲ ತಡೆದುಕೊಂಡು ಬಂದಿರುತ್ತದೆ ಮಗು. ಮೇಲಿಂದ ಸ್ಕೂಲ್ ಬಸ್ಸು ಮಾರತ್ತಹಳ್ಳಿ ಜಾಮಲ್ಲಿ. ಸಿಟ್ಟನ್ನು ಹಿಡಿತದಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತು ದಾಟಿದ ಮೇಲಂತೆ, ಇವನಿಗಿನ್ನೂ ಆರು. ನಾವು ಮಗಳು ಬಂದ ತಕ್ಷಣ ಹೋಮ್‌ವರ್ಕ್ ವಿಚಾರಿಸುವುದನ್ನು ಬಿಟ್ಟೆವು. ಬಾಗಿಲಲ್ಲೇ ಬಾಳೆಹಣ್ಣು, ಆಮೇಲೆ ಮೊಸರವಲಕ್ಕಿ. ಟೀವಿ ಇಲ್ಲ, ಪ್ರಶ್ನೆಯೂ ಇಲ್ಲ. ಬಟ್ಟಲು ಹಿಡಿದು ಊಟದ ಟೇಬಲ್ ಕೆಳಗೆ ತೂರಿಕೊಳ್ಳುತ್ತಾಳೆ, ಇರಲಿ ಬಿಡಿ. ಖಾಲಿ ಬಟ್ಟಲು ಮೊದಲು ಹೊರಗೆ ಬರುತ್ತದೆ, ಆಮೇಲೆ ತಲೆ, "ಇವತ್ತು ಏನಾಯ್ತು ಗೊತ್ತಾ" ಅಂತ. ನಿದ್ದೆಯನ್ನೂ ನೋಡಿ. ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ರಾತ್ರಿ ಹತ್ತೂವರೆಗೆ ಮಲಗಿ ಆರಕ್ಕೆ ಏಳುವ ಮನೆಗಳಲ್ಲಿ ಈ ಲೆಕ್ಕ ಕೂಡುವುದೇ ಇಲ್ಲ.

ಬಸವನಗುಡಿ, ಮಕ್ಕಳಿಗೆ ಚಿತ್ರ ಕಲಿಸುವವರು: ಹಾಳೆ ಹರಿಯುವ ಮಕ್ಕಳು ನನ್ನ ಹತ್ತಿರ ಬೇಕಾದಷ್ಟು ಬರುತ್ತಾರೆ. ಹೆಚ್ಚಿನವರು ಎಲ್ಲೋ ಬಹುಮಾನ ಗೆದ್ದವರೇ! ಸ್ವಲ್ಪ ದಿನ ಜೇಡಿಮಣ್ಣು ಕೊಟ್ಟು ನೋಡಿ. ಪಾಟರಿ ಟೌನಿನಲ್ಲಿ ಗಣೇಶ ಮಾಡುವವರನ್ನು ವಿಚಾರಿಸಿ. ಆನೆಯ ಸೊಂಡಿಲು ಮುರಿದರೆ ಒದ್ದೆ ಬೆರಳಲ್ಲಿ ಒತ್ತಿ ಅಂಟಿಸಬಹುದು. ಅಂಟದಿದ್ದರೆ ಆನೆ ಹಂದಿಯಾಗುತ್ತದೆ, ಅಷ್ಟೇ. "ಸೂಪರ್" ಅನ್ನುವ ಬದಲು "ಇದು ಎಲ್ಲಿಗೆ ಹೊರಟಿದೆ?" ಅಂತ ಕೇಳಿ, ಕಥೆಯೇ ಬರುತ್ತದೆ. ಸ್ಟಾರು, ಚಾಕ್ಲೇಟಿನ ಆಸೆ ಮಾತ್ರ ತೋರಿಸಬೇಡಿ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡ ನರ್ಸರಿ ಮಕ್ಕಳು, ಆಮೇಲೆ ತಾವಾಗೇ ಬರೆಯುವುದು ಕಡಿಮೆಯಾಯಿತು. ಅಪಾರ್ಟ್‌ಮೆಂಟಿನ ಗಣೇಶೋತ್ಸವದ ಸ್ಪರ್ಧೆಗೆ ಈ ಸಲ ಕಳಿಸದಿದ್ದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ರಾಜಾಜಿನಗರದ ಅಪ್ಪ: ಎಲ್ಲ ಸರಿ. ಆದರೆ ತಂಗಿಗೆ ಹೊಡೆಯುವುದನ್ನು "ಪಾಪ, ಸುಸ್ತಾಗಿದೆ" ಅಂತ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆ ಪುಟ್ಟ ಹುಡುಗಿ ಏನು ಮಾಡಿದ್ದಾಳೆ? ಕೈ ಹಿಡಿದು "ಹೊಡೆಯೋಕೆ ಬಿಡಲ್ಲ" ಅನ್ನಿ, ಸಾಕು. ಕಿರುಚುವಾಗ ಉಪದೇಶ ಕಿವಿಗೆ ಹೋಗುವುದಿಲ್ಲ, ಮಾತೆಲ್ಲ ಸಿಟ್ಟು ಆರಿದ ಮೇಲೆ. ನೀವೂ ಬಾರಿಸಿದರೆ ಅವನು ಕಲಿಯುವುದು ಬಾರಿಸುವುದನ್ನೇ ಅಲ್ವಾ?

ಜಯನಗರದಿಂದ: ಹೀಗೇ ತಿಂಗಳುಗಟ್ಟಲೆ ನಡೆದರೆ, ತನಗೇ ಪೆಟ್ಟು ಮಾಡಿಕೊಂಡರೆ, ಊಟ ನಿದ್ದೆ ಕೆಟ್ಟರೆ ತೋರಿಸಿಬಿಡಿ, ಹಿಂಜರಿಕೆ ಬೇಡ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಮೊದಲು ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು, "ದೂರಿಲ್ಲ" ಅನ್ನುವ ಮಾತಿಗೆ ಸಮಾಧಾನ ಪಡಬೇಡಿ. ಊಟದ ಡಬ್ಬಿ ಖಾಲಿ ಮಾಡುತ್ತಾನಾ, ಆಟದ ಪೀರಿಯಡ್‌ನಲ್ಲಿ ಯಾರ ಜೊತೆ ಇರುತ್ತಾನೆ ಅಂತ ಟೀಚರ್ ಹತ್ತಿರ ಕೇಳಿ ನೋಡಿ.